ನನ್ನ ಕ್ಲಾಸಿನದಲ್ಲದ ಗಾಯ

ಕರಾಟೆ ಕಲಿತದ್ದಕ್ಕೆ ನನಗೆ ಬಿದ್ದ ಖರ್ಚು ಇಷ್ಟು: ಮುಂದಿನ ಹಲ್ಲೊಂದರ ಅರ್ಧ ಭಾಗ, ಇವತ್ತಿಗೂ ನೆಟ್ಟಗಾಗದ ಎಡಗೈ ಕಿರುಬೆರಳು, ಮೊದಲ ಒಗೆತಕ್ಕೇ ಮೊಣಕಾಲಿಗೆ ಏರಿದ ಬಿಳಿ ಪೈಜಾಮ, ಮತ್ತು ನನ್ನ ಗಂಡನ ಮರ್ಯಾದೆ. ಕೊನೆಯದು ನನ್ನ ಸ್ವಂತದ್ದಲ್ಲವಾದ್ದರಿಂದ ಲೆಕ್ಕಕ್ಕೆ ಸೇರಿಸಲೋ ಬೇಡವೋ ಎಂದು ಅವರನ್ನೇ ಕೇಳಿದೆ. "ಬರ್ಕ, ಹೆಂಗೂ ಹೋಗೈತೆ" ಅಂದರು.

ಯಾಕೆ ಕಲಿತಿರಿ ಎಂದು ಕೇಳುವವರು ಆತ್ಮರಕ್ಷಣೆ, ಮಹಿಳಾ ಶಕ್ತಿ ಎಂಬಂಥ ಉತ್ತರ ಬರಲಿ ಎಂದು ಕಾಯುತ್ತಾರೆ. ನಿಜವಾದ ಕಾರಣ ಫೀಸು. ಚಿತ್ರದುರ್ಗದಲ್ಲಿದ್ದಾಗ ಮಗಳನ್ನು ಕರಾಟೆಗೆ ಸೇರಿಸಿ ಮೂರು ತಿಂಗಳದ್ದು ಒಟ್ಟಿಗೇ ಕಟ್ಟಿದ್ದೆ. ಅವಳು ಒಂದು ವಾರ ಹೋಗಿ, ಕಾಲು ನೋವು ಎಂದು ಮಲಗಿಬಿಟ್ಟಳು. ಇಮ್ತಿಯಾಜ್ ಮಾಸ್ಟರ್ ಎಂಬುವರು ಹಗಲು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತ, ಬೆಳಿಗ್ಗೆ ಶಾಲೆಯೊಂದರ ಹಾಲ್‌ನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ಅಂಗಡಿಗೆ ಹೋಗಿ ದುಡ್ಡು ವಾಪಸ್ ಕೇಳಿದೆ.

"ಕಟ್ಟಿದ ಫೀಸು ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ."

"ಹಂಗಾದ್ರೆ ಮಗಳ ಬದ್ಲು ನಾನು ಬರ್ತೀನಿ."

ತಮಾಷೆ ಎಂದುಕೊಂಡು ನಕ್ಕರು. ನಾನು ಐಮಂಗಲದ ಕಡೆ ಕುರಿ ಸಾಕಿದವರ ಮನೆಯಲ್ಲಿ ಹುಟ್ಟಿದವಳು, ಅಪ್ಪನ ಜೊತೆ ಕುರಿ ಸಂತೆಯಲ್ಲಿ ಕೂತು ಬೆಳೆದವಳು. ಕೊಟ್ಟ ದುಡ್ಡಿಗೆ ಕುರಿ ಬರದಿದ್ದರೆ ಹಗ್ಗವಾದರೂ ಮನೆಗೆ ಬರಬೇಕು ಎಂಬುದು ಅಪ್ಪನ ಕಾನೂನು. ಮರುದಿನ ಬೆಳಿಗ್ಗೆ ಸೊಂಟದೆತ್ತರದ ಮಕ್ಕಳ ಹಿಂದೆ, ಕೊನೇ ಸಾಲಿನಲ್ಲಿ ಚೂಡಿದಾರ ಹಾಕಿಕೊಂಡು ನಿಂತೆ. ಆಗ ನನಗೆ ನಲವತ್ತು ದಾಟಿತ್ತು. ಫೀಸು ವಸೂಲಾಗುವ ಹೊತ್ತಿಗೆ ರುಚಿ ಹತ್ತಿಬಿಟ್ಟಿತ್ತು.

ನಾನು ದುಡಿದ ಇಲಾಖೆಯ ಹೆಸರು ಬರೆಯುವುದಿಲ್ಲ. ಪಿಂಚಣಿ ಇನ್ನೂ ಅವರ ಕೈಯಲ್ಲೇ ಇದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಕಚೇರಿಗಳಲ್ಲಿ ಗುಮಾಸ್ತಳಾಗಿ ಕೂತಿದ್ದೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬುದನ್ನೂ ಬರೆಯುವುದಿಲ್ಲ. ಕಾದರೆ ಬರುತ್ತದೆ, ಅಷ್ಟೇ ಅದರಲ್ಲಿರುವ ಪಾಠ. ಇದು ಈಗ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ. ಬೆಳಿಗ್ಗೆ ಜೂಡೋ, ಬಾಕ್ಸಿಂಗು ಎಂದು ಹೋಗಿ, ಊದಿದ ತುಟಿ ಹೊತ್ತುಕೊಂಡು ಹತ್ತು ಗಂಟೆಗೆ ಕಚೇರಿ ಮೆಟ್ಟಿಲು ಹತ್ತುವವರು ಈಗ ಬಹಳ ಜನ ಇದ್ದೀರಿ. ನನ್ನ ಗಾಯಗಳಿಂದ ನನಗಾದ ನಷ್ಟ ಸಣ್ಣದು. ಆದರೆ ಅದೇ ಗಾಯಗಳ ಮರೆಯಲ್ಲಿ ಇನ್ನೊಬ್ಬಳ ಜೀವ ಹೋಗುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ, ಮಿಕ್ಕದ್ದು ದಾರಿಯಲ್ಲಿ ಸಿಕ್ಕದ್ದು.

ಮೊದಲ ಕಪ್ಪುಗಣ್ಣು ಚಿತ್ರದುರ್ಗದಲ್ಲಿ ಬಂತು. ಹತ್ತನೇ ಕ್ಲಾಸಿನ ಹುಡುಗನ ಮೊಣಕೈ ತಾಗಿ ಕಣ್ಣಿನ ಸುತ್ತ ನೇರಳೆಹಣ್ಣು ಅರೆದು ಹಚ್ಚಿದಂತಾಗಿತ್ತು. ಕಚೇರಿಯಲ್ಲಿ ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದಂತೆ ಹೇಳಿದೆ: ಕರಾಟೆ ಮಾಡುವಾಗ ಆಯಿತು. ಎಲ್ಲರೂ ಬಹಳ ಮರ್ಯಾದೆಯಿಂದ ತಲೆ ಆಡಿಸಿದರು. ನಮ್ಮ ಅಟೆಂಡರ್ ತಿಪ್ಪಕ್ಕ ಮಾತ್ರ ಹತ್ತಿರ ಬಂದು ಕೈ ಹಿಡಿದುಕೊಂಡಳು.

"ಹೌದವ್ವ. ನಮ್ಮವ್ವನೂ ಬಚ್ಚಲದಾಗೆ ಜಾರಿ ಬೀಳ್ತಿದ್ಲು. ನಮ್ಮಪ್ಪ ಕುಡುದು ಬಂದ ದಿನಾನೇ ಜಾರೋಳು."

"ತಿಪ್ಪಕ್ಕ, ನಿಜವಾಗ್ಲೂ ಕರಾಟೆನೇ ಕಣೆ."

"ಅಂಗೇ ಹೇಳವ್ವ. ಕೇಳಿದೋರಿಗೆಲ್ಲ ಅಂಗೇ ಹೇಳು."

ಮಧ್ಯಾಹ್ನ ಸಾಹೇಬರು ಒಳಗೆ ಕರೆದರು. "ನೋಡಮ್ಮ, ಮನೆ ವಿಷ್ಯ ಮನೇಲಿರ್ಬೇಕು. ಕೌಂಟರ್ ಅಂದ್ರೆ ಇಲಾಖೆ ಮುಖ ಇದ್ದಂಗೆ" ಅಂದರು. ಕರಾಟೆ ಸರ್ ಅಂದೆ. "ಅದೇನೋ ಒಂದು" ಅಂದರು. ಇಲಾಖೆಯ ಮುಖ ಉಳಿಸುವುದಕ್ಕಾಗಿ, ನನ್ನ ಮುಖ ವಾಸಿಯಾಗುವವರೆಗೆ ರೆಕಾರ್ಡ್ ರೂಮಿನಲ್ಲಿ ಕೂರಬೇಕು ಎಂದು ಅಪ್ಪಣೆಯಾಯಿತು. ಇಂಥ ಹೊತ್ತಿನಲ್ಲಿ ಅಳುವವರು ಕೆಟ್ಟರು. ನಾನು ಅಲ್ಲಿ ಫ್ಯಾನಿಲ್ಲ, ಕೈಯಿರುವ ಕುರ್ಚಿಯಿಲ್ಲ, ಗಾಯಕ್ಕೆ ಸೆಕೆ ಆಗುವುದಿಲ್ಲ ಎಂದೆ. ಎರಡೂ ಬಂದವು. ಸಾಲಿನಲ್ಲಿ ನಿಂತವರ ಬೈಗುಳ ಇಲ್ಲ, ತಲೆಯ ಮೇಲೆ ಗಾಳಿ. ಕಣ್ಣು ಇನ್ನೊಂದು ವಾರ ಹಾಗೇ ಇರಲಿ ಎಂದು ಅನ್ನಿಸಿದ್ದು ಸುಳ್ಳಲ್ಲ.

ನಷ್ಟವಾದದ್ದು ನಮ್ಮ ಯಜಮಾನರಿಗೆ. ಅವರು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು, ಸೀಮೆಸುಣ್ಣ ಮುರಿದರೂ ಅಯ್ಯೋ ಪಾಪ ಅನ್ನುವ ಜಾತಿಯ ಮನುಷ್ಯ. ಒಂದು ಸಂಜೆ ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಬಸ್ ಸ್ಟ್ಯಾಂಡಿನಲ್ಲಿ ಅವರ ಹೆಗಲ ಮೇಲೆ ಕೈ ಹಾಕಿ ಬುದ್ಧಿ ಹೇಳಿದರಂತೆ: "ಮೇಷ್ಟ್ರೇ, ಸಂಸಾರ ಅಂದ್ಮೇಲೆ ಇರ್ತೈತೆ. ಆದ್ರೆ ಮುಖದ ಮೇಲೆ ಬ್ಯಾಡ. ಹೆಣ್ಮಗಳು ನಾಕು ಜನದ ಮುಂದೆ ಕುಂತು ಕೆಲ್ಸ ಮಾಡ್ಬೇಕು."

ಗಮನಿಸಿ, ಹೊಡೆಯಬೇಡ ಎನ್ನಲಿಲ್ಲ. ಜಾಗ ಬದಲಾಯಿಸು ಅಂದರು. ನಮ್ಮ ಕಚೇರಿಯಲ್ಲಿ ಎಲ್ಲ ಸಮಸ್ಯೆಗೂ ಇದೇ ಪರಿಹಾರ, ಕಡತಕ್ಕಾದರೂ ಸರಿ, ಪೆಟ್ಟಿಗಾದರೂ ಸರಿ.

ಕೆಲಸದ ಕ್ರಮ ಬದಲಾದದ್ದನ್ನೂ ಹೇಳಬೇಕು, ಯಾಕೆಂದರೆ ಅದರಲ್ಲೂ ಪೆಟ್ಟು ತಿಂದಿದ್ದೇನೆ. ಮೊದಲು ಹಾಜರಿ ಪುಸ್ತಕದಲ್ಲಿ ಸಹಿ ಇತ್ತು. ಎರಡು ದಿನದ ಸಹಿ ಒಟ್ಟಿಗೆ ಹಾಕಿದರೂ ಪುಸ್ತಕ ಬಾಯಿ ಬಿಡುತ್ತಿರಲಿಲ್ಲ. ಹಿರಿಯೂರಿಗೆ ಹೋದಾಗ ಹೆಬ್ಬೆಟ್ಟಿನ ಯಂತ್ರ ಬಂತು. ನನ್ನ ಬಲ ಹೆಬ್ಬೆರಳು ಆ ವಾರ ಬದನೆಕಾಯಿಯ ಹಾಗಿತ್ತು. ಎಷ್ಟು ಒತ್ತಿದರೂ ಯಂತ್ರ ಗುರುತು ಸಿಗುತ್ತಿಲ್ಲ ಅಂದಿತು. ನನ್ನ ಗಾಯ ನೋಡಿ ಕಥೆ ಕಟ್ಟದ ಏಕೈಕ ಸಹೋದ್ಯೋಗಿ ಅದು. ಸಂಬಳ ಹಿಡಿಯುತ್ತೇವೆ ಎಂದ ಅಲ್ಲಿನ ಸಾಹೇಬರ ಮುಂದೆ ಹೋಗಿ ನಿಂತೆ.

"ಎದುರಿಗೇ ನಿಂತಿದೀನಲ್ಲ ಸರ್."

"ನೀವು ನಿಂತಿದೀರ. ಆದ್ರೆ ಹಾಜರಿಲ್ಲ."

ಆದ್ದರಿಂದ ಮೊದಲ ದಿನವೇ ಎರಡು ಕೈಯ ಬೇರೆ ಬೇರೆ ಬೆರಳು ದಾಖಲು ಮಾಡಿಸಿಡಿ. ಈಗ ಮುಖ ನೋಡಿ ಹಾಜರಿ ಹಾಕುವ ಆ್ಯಪು ಬಂದಿದೆಯಂತೆ. ಕಪ್ಪುಗಣ್ಣಿನವರನ್ನು ಅದು ಏನೆನ್ನುತ್ತದೋ, ನೀವೇ ನೋಡಿಕೊಳ್ಳಿ.

ಹೊಸದುರ್ಗಕ್ಕೆ ವರ್ಗವಾದಾಗ ಅಲ್ಲೇ ಬಾಡಿಗೆ ಮನೆ ಹಿಡಿದೆವು. ಈ ಸಲ ಬುದ್ಧಿ ಉಪಯೋಗಿಸಿದೆ. ಮೊದಲ ದಿನವೇ ಬಿಳಿ ಡ್ರೆಸ್ಸು, ಬೆಲ್ಟು ತಂದು, ಒದ್ದೆಯಾಗಿದೆ ಎಂಬ ನೆಪದಲ್ಲಿ ಕುರ್ಚಿಯ ಬೆನ್ನಿಗೆ ಹರವಿದೆ. ಬಾಯಿ ಬಿಟ್ಟು ಹೇಳಿದರೆ ನಂಬದ ಜನ ಬಟ್ಟೆ ಒಣಗಿಹಾಕಿದರೆ ನಂಬಿದರು. ಮಧ್ಯಾಹ್ನದ ಹೊತ್ತಿಗೆ ನಾನು ಕರಾಟೆ ಅಕ್ಕ ಆಗಿದ್ದೆ. ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಕೆಲವು ಕಾಲೇಜು ಹುಡುಗಿಯರಿಗೆ ಕಲಿಸಲು ಶುರು ಮಾಡಿದೆ. ಫೀಸು ಮುಂಗಡ, ವಾಪಸ್ ಕೊಡುವ ಪದ್ಧತಿ ಇಲ್ಲ. ಅಲ್ಲಿಂದ ಮುಂದೆ ನಾನು ಕುಂಟಿಕೊಂಡು ಬಂದರೂ ಯಾರೂ ಯಜಮಾನರನ್ನು ಬೈಯಲಿಲ್ಲ. ಅವರಿಗೆ ಅದು ಸ್ವಲ್ಪ ಬೇಜಾರೇ ಆಯಿತು. ಅಷ್ಟು ವರ್ಷ ರೌಡಿ ಎಂಬ ಹೆಸರು ಹೊತ್ತು ಅಭ್ಯಾಸವಾಗಿತ್ತು.

ಅಲ್ಲಿ ನನ್ನ ಪಕ್ಕದ ಟೇಬಲ್ಲು ಸುಧಾಳದು. ಮೂವತ್ತರ ಆಸುಪಾಸು, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಗಂಡ ಬೋರ್‌ವೆಲ್ ಲಾರಿಗಳ ಏಜೆಂಟ್, ಊರಿಗೆಲ್ಲ ಬೇಕಾದವನು. ಒಂದು ದಿನ ಅವಳು ತುಟಿ ಊದಿಸಿಕೊಂಡು ಬಂದಳು. ಇಡೀ ಕಚೇರಿ ತಲೆ ಎತ್ತಿತು. ಯಾರೂ ಕೇಳುವ ಮೊದಲೇ ಅವಳೇ ಹೇಳಿದಳು:

"ನಾನೂ ಅಕ್ಕನ ಕ್ಲಾಸಿಗೆ ಸೇರೀನಿ."

ಎಲ್ಲರೂ ನಕ್ಕರು. ಹೆಡ್ ಗುಮಾಸ್ತ ರುದ್ರಪ್ಪ, "ಏನ್ರಿ ಮೇಡಂ, ಆಫೀಸಿಗೆಲ್ಲ ಮುಲಾಮು ಹಚ್ಚಿಸ್ತೀರೇನ್ರಿ" ಅಂದ. ಅವಳು ನನ್ನ ಕ್ಲಾಸಿನ ಬಯಲನ್ನು ಕಣ್ಣಲ್ಲೂ ಕಂಡವಳಲ್ಲ. ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡೆ.

ನಾನು ವರ್ಷಗಟ್ಟಲೆ ನಿಜ ಹೇಳಿದಾಗ ಒಬ್ಬರೂ ನಂಬಿರಲಿಲ್ಲ. ಅವಳ ಸುಳ್ಳನ್ನು ಎಲ್ಲರೂ ಅರೆಗಳಿಗೆಯಲ್ಲಿ ನಂಬಿದರು. ಅದಕ್ಕೆ ಬೇಕಾದ ನಂಬಿಕೆಯನ್ನು ಕುರ್ಚಿಗೆ ಬಟ್ಟೆ ಹರವಿ ತಯಾರು ಮಾಡಿಟ್ಟವಳು ನಾನೇ.

ಮುಂದೆ ಕೆನ್ನೆ ಊದಿತು, ಆಮೇಲೆ ಮಣಿಕಟ್ಟು. ಪ್ರತಿ ಸಲವೂ "ಅಕ್ಕನ ಕ್ಲಾಸು", ಪ್ರತಿ ಸಲವೂ ನಗು. ಕರಾಟೆಯ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ತಿಳಿದುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ತಡೆಯುವ ಕೈಗೆ ಬೀಳುವುದರಿಂದ ಮುಂಗೈಯ ಹೊರಭಾಗ ಕಪ್ಪಾಗುತ್ತದೆ; ಮೊಣಕಾಲಿನ ಕೆಳಗೆ, ಬೆರಳ ಗೆಣ್ಣಿನ ಮೇಲೆ ಆಗುತ್ತದೆ. ಸುಧಾ ಮೇಲಿನ ಕಪಾಟಿಗೆ ಕೈ ಎತ್ತಿದಾಗ ನಾನು ಕಂಡದ್ದು ತೋಳಿನ ಒಳಭಾಗದಲ್ಲಿ ಸಾಲಾಗಿ ಕೂತ ಬೆರಳಿನ ಗುರುತು. ಹಾಗೆ ಹಿಡಿಯುವುದನ್ನು ಯಾವ ಮಾಸ್ಟರೂ ಕಲಿಸುವುದಿಲ್ಲ.

ಊಟದ ಹೊತ್ತಿಗೆ ಅವಳನ್ನು ರೆಕಾರ್ಡ್ ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿದೆ.

"ಲೇ ಸುಧಾ, ನನ್ನ ಹೆಸರು ಬಾಡಿಗೆಗೆ ತಗಂಡೀಯ. ಬಾಡಿಗೆ ಏನ್ ಕೊಡ್ತೀಯ?"

"ಏನ್ ಕೊಡ್ಲಿ ಅಕ್ಕ, ನನ್ನತ್ರ ಏನೈತೆ?"

"ನಾಳೆ ಬೆಳಿಗ್ಗೆ ಬಯಲಿಗೆ ಬಾ. ಸುಳ್ಳಾದ್ರೂ ಅರ್ಧ ನಿಜ ಆಗ್ಲಿ."

ಬಂದಳು. ಒಬ್ಬ ಹುಡುಗಿಯನ್ನು ಎದುರಿಗೆ ನಿಲ್ಲಿಸಿ, ನಿಧಾನವಾಗಿ ಕೈ ಎತ್ತು, ಇವಳು ತಡೆಯಲಿ ಎಂದೆ. ಹುಡುಗಿ ಕೈ ಎತ್ತಿದ್ದಷ್ಟೇ. ಸುಧಾ ಕಣ್ಣು ಮುಚ್ಚಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಲದ ಮೇಲೆ ಮುದುರಿ ಕೂತುಬಿಟ್ಟಳು. ಹುಡುಗಿಯರು ಕಿಸಕ್ಕನೆ ನಕ್ಕು, ಯಾಕೋ ತಾವಾಗಿಯೇ ನಿಲ್ಲಿಸಿದರು. ಬಯಲು ಸುತ್ತಿ ಬನ್ನಿ ಎಂದು ಅವರನ್ನು ಓಡಿಸಿ ನಾನೂ ಅವಳ ಪಕ್ಕ ನೆಲಕ್ಕೆ ಕೂತೆ.

"ಕುಡೀತಾನಾ?"

"ಇಲ್ಲಕ್ಕ. ಕುಡಿಯಂಗಿದ್ರೆ ಅದರ ಮೇಲಾದ್ರೂ ತಪ್ಪು ಹಾಕ್ತಿದ್ದೆ." ಮಣ್ಣಿನ ಮೇಲೆ ಗೀರೆಳೆದಳು. "ಮೊನ್ನೆ ಕುತ್ತಿಗೆಗೆ ಕೈ ಹಾಕಿದ್ದ. ಕಣ್ಣು ಕತ್ತಲೆ ಬಂತು. ಇದನ್ನ ಕಲಿತ್ರೆ ತಪ್ಪಿಸ್ಕಬೋದಾ ಅಕ್ಕ?"

ಇಲ್ಲಿ ನಾನು ಬೇರೆ ಮೇಡಂಗಳ ಹಾಗೆ ಭಾಷಣ ಮಾಡಬಹುದಿತ್ತು. "ಇಷ್ಟು ವರ್ಷ ಕಲಿತ ನನ್ನ ಹಲ್ಲನ್ನ ಹತ್ತನೇ ಕ್ಲಾಸಿನ ಹುಡುಗ ಮುರಿದಾನೆ" ಅಂದೆ. "ಇದರಿಂದ ಅವನನ್ನ ಗೆಲ್ತೀನಿ ಅಂದ್ಕಬ್ಯಾಡ. ನಿಮ್ಮವ್ವನ ಮನೆ ಎಲ್ಲೈತೆ?"

"ಭರಮಸಾಗರ."

"ಭರಮಸಾಗರದಿಂದ ಚಿತ್ರದುರ್ಗಕ್ಕೆ ಬೇಕಾದಷ್ಟು ಬಸ್ಸು ಅವೆ. ಚಿತ್ರದುರ್ಗದಾಗೆ ನಮ್ಮದೇ ಆಫೀಸೈತೆ. ಕೆಲ್ಸ ಬಿಡ್ಬೇಕಾಗಿಲ್ಲ. ಅಲ್ಲಿಗೆ ವರ್ಗ ಮಾಡಿಸ್ಕಳಾಣ."

"ಅವರು ಬಿಡಲ್ಲ."

"ಅವನನ್ನ ಯಾರು ಕೇಳ್ತಾರೆ? ನಿನ್ನ ಕೇಳ್ತಿದೀನಿ."

ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡು ಹೊರಟುಹೋದಳು. ಆದರೆ ಮರುದಿನವೂ ಬಯಲಿಗೆ ಬಂದಳು.

ಪರಸ್ಪರ ವರ್ಗಾವಣೆ ಎಂಬುದು ನಮ್ಮ ಇಲಾಖೆಯ ಕುರಿ ಸಂತೆ. ಅಲ್ಲಿರುವವನು ಇಲ್ಲಿಗೆ, ಇಲ್ಲಿರುವವಳು ಅಲ್ಲಿಗೆ, ಇಬ್ಬರೂ ಒಪ್ಪಿದರೆ ಮೇಲಿನವರು ಬೇಡ ಅನ್ನುವುದು ಕಡಿಮೆ. ಚಿತ್ರದುರ್ಗ ಕಚೇರಿಯ ಗುರುಮೂರ್ತಿ ಎಂಬುವನ ಮನೆ ಹೊಸದುರ್ಗದಲ್ಲಿತ್ತು. ದಿನಾ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಓಡಾಡುತ್ತ ಊರಿಗೆ ಬರಲು ಹರಕೆ ಹೊತ್ತಿದ್ದವನು. ನಾನು ಕೇಳಿದ ಕೂಡಲೇ ಅವನಿಗೆ ಚಿತ್ರದುರ್ಗದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

"ನೋಡಾಣ ಮೇಡಂ. ಇಲ್ಲಿ ಸೀಟು ಚೆನ್ನಾಗೈತೆ. ಬಿಟ್ಟು ಬರ್ಬೇಕಂದ್ರೆ..." ಎಂದು ಎಳೆದ.

ಕೊಳ್ಳುವವಳಿಗೆ ಅವಸರವಿದೆ ಎಂದು ಗೊತ್ತಾದರೆ ಕುಂಟ ಕುರಿಗೂ ಬೆಲೆ ಏರುತ್ತದೆ. "ಬ್ಯಾಡ ಬಿಡಪ್ಪ. ಹೊಳಲ್ಕೆರೆಯೋರೊಬ್ರು ಆಗ್ಲೇ ಕೇಳ್ಯಾರೆ, ಅವರಿಗೇ ಹೇಳ್ತೀನಿ" ಎಂದು ಫೋನಿಟ್ಟೆ. ಹೊಳಲ್ಕೆರೆಯಲ್ಲಿ ಕೇಳಿದವರು ಯಾರೂ ಇರಲಿಲ್ಲ, ನಮ್ಮ ಯಜಮಾನರ ಹೊರತು. ಅವರು ಕೇಳಿದ್ದು ರಾತ್ರಿಗೆ ಏನು ಸಾರು ಎಂದು. ಮರುದಿನ ಬೆಳಿಗ್ಗೆ ಗುರುಮೂರ್ತಿ ಸಹಿ ಹಾಕಿದ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಸುಧಾ ತನ್ನ ಅರ್ಜಿಯನ್ನು ಎರಡು ದಿನ ಡ್ರಾಯರಿನಲ್ಲಿಟ್ಟುಕೊಂಡಿದ್ದು, ಕೊನೆಗೆ ಸಹಿ ಮಾಡಿದಳು. "ಆರ್ಡರ್ ಬಂದ್ರೆ ಹೋಗ್ತೀನೋ ಇಲ್ವೋ ಹೇಳಾಕಾಗಲ್ಲ ಅಕ್ಕ" ಅಂದಳು. ಬರಲಿ ಮೊದಲು ಅಂದೆ. ಅರ್ಜಿ ಮೇಲಕ್ಕೆ ಹೋಯಿತು.

ಆರ್ಡರಿಗಿಂತ ಮೊದಲು ಬಂದವನು ಅವಳ ಗಂಡ. ಹೊಸ ಕಾರು ತೆಗೆದುಕೊಂಡಿದ್ದೇನೆ ಎಂದು ಮೈಸೂರ್‌ಪಾಕಿನ ಡಬ್ಬ ಹಿಡಿದು, ಟೇಬಲ್ಲಿನಿಂದ ಟೇಬಲ್ಲಿಗೆ ಹಂಚುತ್ತ ಬಂದ. ಇಸ್ತ್ರಿ ಶರಟು, ನಗುಮುಖ, ಅಣ್ಣ ಅಕ್ಕ ಎಂಬ ಮಾತು. ಸುಧಾ ಆ ದಿನ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ತಲೆ ತಗ್ಗಿಸಿ ಟೈಪು ಮಾಡುತ್ತಿದ್ದಳು. ಅವನು ನನ್ನ ಟೇಬಲ್ಲಿನ ಎದುರು ಕುರ್ಚಿ ಎಳೆದುಕೊಂಡು ಕೂತ. ಎಲ್ಲರಿಗೂ ಕೇಳುವಂತೆ ಹೇಳಿದ:

"ಮೇಡಂ, ನಿಮ್ಮ ಮೇಲೆ ಕಂಪ್ಲೇಂಟ್ ಐತೆ. ನಮ್ಮ ಹುಡುಗಿಗೆ ಸ್ವಲ್ಪ ಮೆಲ್ಲಗೆ ಹೇಳ್ಕೊಡ್ರಿ. ದಿನಾ ಹಿಂಗೆ ಬಂದ್ರೆ ನೋಡಾಕಾಗಲ್ಲ, ಹೊಟ್ಟೆ ಉರೀತೈತೆ."

ಕಚೇರಿ ನಕ್ಕಿತು. ರುದ್ರಪ್ಪ, "ನೋಡ್ರಿ ಮೇಡಂ, ಗಂಡ ಅಂದ್ರೆ ಇಂಗಿರ್ಬೇಕು" ಅಂದ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಅಂಥ ವ್ಯಾಪಾರಿಯನ್ನು ನೋಡಿರಲಿಲ್ಲ. ಹೆಂಡತಿ ಹೆದರಿ ಹೇಳಿದ ಸುಳ್ಳನ್ನು ಅವನು ಡಬ್ಬದ ಸಮೇತ ತನ್ನದು ಮಾಡಿಕೊಂಡಿದ್ದ. ಇನ್ನು ಮುಂದೆ ಅವಳಿಗೆ ಏನೇ ಆದರೂ ಸಾಕ್ಷಿಗೆ ಇಡೀ ಕಚೇರಿ ಇದೆ, ಆರೋಪಿ ನಾನು.

"ಹೌದೇನಪ್ಪ. ನಿಮಗೆ ಅಷ್ಟು ನೋವಾಗ್ತೈತೆ ಅಂದ್ರೆ ಕ್ಲಾಸು ಬ್ಯಾಡ" ಅಂದೆ. ಎದ್ದು ನಿಂತು ಎಲ್ಲರ ಕಡೆ ತಿರುಗಿದೆ. "ಎಲ್ರೂ ಕೇಳಿಸ್ಕಳ್ರಿ. ಇವತ್ತಿಂದ ಸುಧಾ ನನ್ನ ಕ್ಲಾಸಿಗೆ ಬರಲ್ಲ. ನಾಳೆಯಿಂದ ಅವಳ ಮೈಮೇಲೆ ಒಂದು ಗೀರು ಕಂಡ್ರೂ ಅದು ನನ್ನ ಕ್ಲಾಸಿನದಲ್ಲ. ರುದ್ರಪ್ಪ, ನೆನಪಿಟ್ಕಳಪ್ಪ, ನಿನ್ನನ್ನೇ ಕೇಳ್ತೀನಿ."

ನಗು ನಿಂತಿತು. ಅವನ ನಗು ಮಾತ್ರ ಇನ್ನೂ ಇತ್ತು.

"ಆಯ್ತು ಮೇಡಂ. ಅಂದ್ರೆ ಇಷ್ಟು ದಿನದ್ದು ನಿಮ್ಮದೇ ಅಂತ ಒಪ್ಕಂಡಂಗಾಯ್ತಲ್ಲ."

ಆ ಮಾತಿಗೆ ಇದ್ದ ಉತ್ತರ ಸುಧಾಳದು, ಅದನ್ನು ನಾನು ಹೇಳುವಂತಿರಲಿಲ್ಲ. ಟೈಪು ಮಾಡುವ ಸದ್ದು ನಿಂತಿದ್ದು ಕೇಳಿಸಿತು. ಸುಧಾ ತಲೆ ಎತ್ತಿರಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು.

"ಇಷ್ಟು ದಿನದ್ದೂ ಅಕ್ಕನದಲ್ಲ" ಅಂದಳು.

ರುದ್ರಪ್ಪ ಕಚ್ಚಲು ಎತ್ತಿದ್ದ ಮೈಸೂರ್‌ಪಾಕನ್ನು ಮೆಲ್ಲಗೆ ಡಬ್ಬಕ್ಕೆ ವಾಪಸ್ ಇಟ್ಟ. ಅವನು ತೆಗೆದುಕೊಂಡದ್ದನ್ನು ಹಿಂದಿರುಗಿಸಿದ್ದನ್ನು ನನ್ನ ಸರ್ವಿಸಿನಲ್ಲಿ ಕಂಡದ್ದು ಅದೊಂದೇ ಸಲ. ಗಂಡ ಎದ್ದು, "ಮನೆಗೆ ಬಾ, ಮಾತಾಡಾಣ" ಎಂದು ಅವಳಿಗೆ ಹೇಳಿ ಹೊರಟ. ಡಬ್ಬ ಮರೆತು ಹೋದ.

ಆ ಮಾತು ಆದಮೇಲೆ ಅವಳನ್ನು ಆ ಮನೆಗೆ ಕಳಿಸುವುದು ಧೈರ್ಯವಲ್ಲ, ದಡ್ಡತನ. "ಮನೇಲಿ ಬಟ್ಟೆ ಅವೆ, ಸರ್ಟಿಫಿಕೇಟ್ ಅವೆ" ಅಂದಳು. "ಬಟ್ಟೆ ಅಂಗಡೀಲೂ ಅವೆ, ನಡಿ ಹೋಗಾಣ" ಅಂದೆ. ನಾಲ್ಕು ಗಂಟೆಗೇ ಹೊರಡಲು ಸಾಹೇಬರ ಒಪ್ಪಿಗೆ ಕೇಳಿದೆ. ಪಕ್ಕದ ಕೋಣೆಯಲ್ಲಿದ್ದು ಎಲ್ಲ ಕೇಳಿಸಿಕೊಂಡಿದ್ದವರು, ಏನೂ ಕೇಳಿಸಲಿಲ್ಲ ಎಂಬ ಮುಖದಲ್ಲಿ ಹ್ಞೂಂ ಅಂದರು. ಚಿತ್ರದುರ್ಗದ ಬಸ್ಸಿನಲ್ಲಿ ಕೂರಿಸಿ, ಜೊತೆಗೆ ನಾನೂ ಕೂತು, ಅಲ್ಲಿಂದ ಭರಮಸಾಗರಕ್ಕೆ ಕರೆದುಕೊಂಡು ಹೋದೆ. ಅವಳ ಅವ್ವ ಮಗಳ ಮಣಿಕಟ್ಟು ನೋಡಿ, ಕರಾಟೆಯಾ ಎಂದು ಕೇಳಿದಳು. ಅಲ್ಲಿಗೂ ಹೋಗಿತ್ತು ನನ್ನ ಕೀರ್ತಿ. "ಅಲ್ಲವ್ವ" ಅಂದಳು ಸುಧಾ. ಎರಡನೇ ಸಲ ಹೇಳುವುದು ಸ್ವಲ್ಪ ಸಲೀಸಾಗಿತ್ತು.

ಆಮೇಲಿನದೆಲ್ಲ ಸಿನಿಮಾದಂತೆ ಮುಗಿಯಲಿಲ್ಲ. ಸರ್ಟಿಫಿಕೇಟು ತರಲು ಅವಳ ಸೋದರಮಾವಂದಿರು, ಇಬ್ಬರು ಮಹಿಳಾ ಪೊಲೀಸರು, ಕೈಯಲ್ಲಿ ಛತ್ರಿ ಹಿಡಿದ ನಮ್ಮ ಯಜಮಾನರು ಹೋಗಿಬಂದರು. ಛತ್ರಿ ಯಾಕೆ ಎಂದು ಇವತ್ತಿಗೂ ಹೇಳಿಲ್ಲ. ಠಾಣೆಯಲ್ಲಿ ದೂರು ಕೊಟ್ಟದ್ದಾಯಿತು, ಕೇಸು ಇನ್ನೂ ತನ್ನ ನಡಿಗೆಯಲ್ಲೇ ಇದೆ. ವರ್ಗಾವಣೆ ಆರ್ಡರು ಬಂದಾಗ ಸಾಹೇಬರು ಒಂದೇ ಗಂಟೆಯಲ್ಲಿ ಅವಳನ್ನು ಬಿಡುಗಡೆ ಮಾಡಿದರು. ಸಾಕ್ಷಿ ಹೇಳುವುದಕ್ಕಿಂತ ಸಹಿ ಹಾಕುವುದು ಸುಲಭ ಎಂದು ಅವರಿಗೆ ಗೊತ್ತಿತ್ತು. ಹೊಸದುರ್ಗದ ಕಚೇರಿಯಲ್ಲಿ ನಾನು ಕರಾಟೆ ಅಕ್ಕನಿಂದ ಮನೆಮುರುಕಿಯಾದೆ. ನಿವೃತ್ತಿಯ ದಿನ ಹಾರ ಹಾಕುವಾಗಲೂ ರುದ್ರಪ್ಪ ಒಂದು ಮಾರು ದೂರ ನಿಂತೇ ಹಾಕಿದ. ಸುಧಾ ಈಗ ಚಿತ್ರದುರ್ಗದ ಕೌಂಟರಿನಲ್ಲಿ ಕೂರುತ್ತಾಳೆ. ಕರಾಟೆ ಮುಂದುವರಿಸಿದೆಯಾ ಎಂದು ಕೇಳಿದರೆ, "ನನಗದು ಸೇರ್ಲೇ ಇಲ್ಲಕ್ಕ" ಎನ್ನುತ್ತಾಳೆ.

ಈಗ ನಿಮಗೆ ನಾಲ್ಕು ಮಾತು. ಆಟದಲ್ಲಿ ಪೆಟ್ಟು ತಿಂದು ಕಚೇರಿಗೆ ಬರುವುದಾದರೆ ಮುಚ್ಚಿಕೊಂಡು ಬರಬೇಡಿ. ಪೌಡರು ಬಳಿದರೆ ಅನುಮಾನ ಎರಡರಷ್ಟಾಗುತ್ತದೆ. ಎಲ್ಲಿ ಕಲಿಯುತ್ತೀರಿ, ಯಾರು ಕಲಿಸುತ್ತಾರೆ ಎಂದು ಮೊದಲೇ ನಾಲ್ಕು ಜನಕ್ಕೆ ತಿಳಿದಿರಲಿ. ಆಡಿಟ್‌ನವರು ಬರುವ ಹಿಂದಿನ ದಿನ ಯಾರ ಜೊತೆಯೂ ಸೆಣಸಬೇಡಿ. ಮೇಲಿನವರು ನಿಮ್ಮನ್ನು ಮೂಲೆಗೆ ಹಾಕಿದರೆ, ಆ ಮೂಲೆಗೆ ಏನೇನು ಬೇಕೋ ಅವತ್ತೇ ಕೇಳಿ ಪಡೆಯಿರಿ, ನಾಳೆ ಮರೆಯುತ್ತಾರೆ. ಪಕ್ಕದ ಟೇಬಲ್ಲಿನವಳು ಗಾಯ ಮಾಡಿಕೊಂಡು ಬಂದು ನಗುನಗುತ್ತ ಕಾರಣ ಹೇಳಿದರೆ ಜೊತೆಗೆ ನಗಬೇಡಿ, ಎಲ್ಲರ ಮುಂದೆ ಬಿಡಿಸಿ ಕೇಳಲೂಬೇಡಿ. ಒಬ್ಬಳೇ ಸಿಕ್ಕಾಗ, ಬಾಗಿಲು ಮುಂದೆ ಮಾಡಿ, ಒಂದು ಸಲ ಕೇಳಿ. ಸುಳ್ಳು ಹೇಳಿದರೆ ಬೈಯಬೇಡಿ, ಇನ್ನೊಂದು ದಿನ ಕೇಳಿ. ಆದರೆ ಸುಮ್ಮನೆ ಕುತೂಹಲಕ್ಕೆ ಕೇಳುವುದಾದರೆ ಕೇಳಲೇಬೇಡಿ. ಅವಳು ಅವತ್ತೇ ನಿಜ ಹೇಳಿಬಿಡಬಹುದು. ಅದಕ್ಕೇ, ಕೇಳುವ ಮುಂಚೆ ಅವಳ ತವರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡಿರಿ.